ಹಳದಿ, ನೀಲಿ, ಹಸಿರು: ಬೆಂಗಳೂರಿನ ವಲಯ ನಿಯಮಗಳು ಯಾರಿಗಾಗಿ?

ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಹಿತ್ತಲ ಬಾಗಿಲು ತೆರೆದರೆ ಕಿರಿದಾದ ಓಣಿಯೊಂದು ಕಾಣುತ್ತದೆ. ಅದರ ಹೆಸರು ‘ಕನ್ಸರ್ವೆನ್ಸಿ’. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲೆಂದು ಬಿಟ್ಟ ದಾರಿ ಇದು. ರೋಗ ದೂರವಿರಲಿ ಎಂಬ ಕಾಳಜಿ ಈ ಓಣಿಯಲ್ಲಿದೆ. ಹೊರುವವರು ಮುಂಬಾಗಿಲಿಗೆ ಬಾರದಿರಲಿ ಎಂಬ ಜಾತಿಯ ಗೆರೆಯೂ ಇದೆ. ನಗರದ ನೆಲವನ್ನು ಬಳಕೆಗೆ ತಕ್ಕಂತೆ ಭಾಗ ಮಾಡುವ ವಲಯ ನಿಯಮಗಳ ಉದ್ದೇಶವನ್ನು ಹುಡುಕುವವರಿಗೆ ಈ ಓಣಿ ಒಂದು ದಾಖಲೆ. ನಿಯಮ ಯಾವುದನ್ನು ಕಾಯುತ್ತದೆ, ಯಾರಿಂದ ಕಾಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಬೆಂಗಳೂರಿನ ಚರಿತ್ರೆಯನ್ನು ನೋಡುವುದು ಈ ಲೇಖನದ ಉದ್ದೇಶ.

ಪೇಟೆಯ ವಿಂಗಡಣೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲೂ ವಿಂಗಡಣೆ ಇತ್ತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ ಎಂಬ ಹೆಸರುಗಳು ಸರಕನ್ನು ಹೇಳಿದರೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳು ಕುಲಕಸುಬನ್ನು ಹೇಳುತ್ತವೆ. ಆದರೆ ಮನೆಗೂ ಅಂಗಡಿಗೂ ನಡುವೆ ಗೋಡೆ ಇರಲಿಲ್ಲ. ಜಗಲಿಯಲ್ಲಿ ವ್ಯಾಪಾರ, ಒಳಗೆ ಮಗ್ಗ, ಅದರಾಚೆ ಅಡುಗೆಮನೆ. ಆಧುನಿಕ ವಲಯ ನಿಯಮ ಬೇರ್ಪಡಿಸಿದ್ದು ಇದನ್ನೇ: ದುಡಿಯುವ ಜಾಗ ಒಂದು ಕಡೆ, ಬಾಳುವ ಜಾಗ ಇನ್ನೊಂದು ಕಡೆ.

ಆ ಕಲ್ಪನೆ ಹುಟ್ಟಿದ್ದು ಹೊರಗೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿ ವಲಯವಾರು ಕಟ್ಟಡ ನಿಯಮ ತಂದಿತು. 1916ರಲ್ಲಿ ನ್ಯೂಯಾರ್ಕ್, ಗಗನಚುಂಬಿ ಕಟ್ಟಡಗಳು ಬೀದಿಯ ಬೆಳಕು ನುಂಗದಂತೆ ಕಟ್ಟಳೆ ಮಾಡಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಯೂಕ್ಲಿಡ್ ಎಂಬ ಪುಟ್ಟ ಊರಿನ ಮೊಕದ್ದಮೆಯಲ್ಲಿ ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಗಾಳಿ, ಬೆಳಕು, ಆರೋಗ್ಯ ಎಂಬುದು ಬಾಯಿಮಾತಿನ ಸಮರ್ಥನೆಯಾದರೆ, ಮನೆಗಳ ಬೆಲೆ ಇಳಿಯಬಾರದೆಂಬ ಆಸೆ ಅದರ ಬೆನ್ನಿಗಿತ್ತು.

ಪ್ಲೇಗು ಎಳೆದ ಗೆರೆ

ಬೆಂಗಳೂರಿಗೆ ಯೋಜನೆ ಬಂದದ್ದು ರೋಗದ ಜೊತೆಗೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು, ಹುಬ್ಬಳ್ಳಿಯ ಮೂಲಕ ರೈಲು ದಾರಿ ಹಿಡಿದು 1898ರ ಆಗಸ್ಟ್‌ನಲ್ಲಿ ಇಲ್ಲಿಗೆ ತಲುಪಿತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅಗಲ ರಸ್ತೆ, ಚೌಕಾಕಾರದ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ ಇವುಗಳೊಂದಿಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದ ನೆರಳಿನಲ್ಲಿ. ಇಂದು ನಾವು ‘ಸೆಟ್‌ಬ್ಯಾಕ್’ ಎನ್ನುವ ಖಾಲಿ ಜಾಗದ ಹಿಂದೆಯೂ ಗಾಳಿ ಬೆಳಕಿನ ಅದೇ ತರ್ಕವಿದೆ. ಆದರೆ ಈ ಹೊಸ ಬಡಾವಣೆಗಳ ನಿವೇಶನ ಹಂಚಿಕೆಯಲ್ಲಿ ಜಾತಿ, ಮತಗಳ ಎಣಿಕೆಯೂ ನಡೆಯಿತು. ಮೈಸೂರು ನಗರಕ್ಕೆ 1903ರಲ್ಲಿ, ಬೆಂಗಳೂರಿಗೆ 1945ರ ಕಾಯ್ದೆಯಂತೆ ‘ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್’ ಬಂದು, ಬಡಾವಣೆ ಮಾಡುವ ಕೆಲಸ ಕಾಯಂ ಸರ್ಕಾರಿ ಕಸುಬಾಯಿತು.

ಕಾಯ್ದೆ ಮತ್ತು ಬಣ್ಣ

ಬಡಾವಣೆ ಮಾಡುವುದು ಬೇರೆ, ಇಡೀ ಊರಿನ ನೆಲಕ್ಕೆ ಬಳಕೆ ನಿಗದಿ ಮಾಡುವುದು ಬೇರೆ. ಎರಡನೆಯದಕ್ಕೆ ಆಧಾರವಾದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದು ಜಾರಿಯಾದದ್ದು 1965ರಲ್ಲಿ. ಬೆಂಗಳೂರಿನ ರೂಪರೇಖಾ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1972ರಲ್ಲಿ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿತು. ಅಲ್ಲಿಂದ ನಗರಕ್ಕೆ ಬಣ್ಣ ಬಂತು: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ನಿವೇಶನ ಕೊಳ್ಳುವವರು ಪತ್ರಗಳ ಜೊತೆ ನಕ್ಷೆಯ ಬಣ್ಣವನ್ನೂ ನೋಡಬೇಕಾಯಿತು. ಹಸಿರು ಹಳದಿಯಾದರೆ ಎಕರೆಯ ಬೆಲೆ ಏರುತ್ತದೆ. ‘ಭೂ ಉಪಯೋಗ ಬದಲಾವಣೆ’ ಎಂಬ ಅರ್ಜಿಯ ತೂಕ ಅಲ್ಲಿಂದ ಬಂದದ್ದು.

ಈ ಬಣ್ಣ ಎಷ್ಟು ಗಟ್ಟಿ ಎಂಬ ಪರೀಕ್ಷೆ ನಡೆದದ್ದು ರಾಜಮಹಲ್ ವಿಲಾಸ ಬಡಾವಣೆಯಲ್ಲಿ. ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಗಳ ಸೂಚನೆಯ ಮೇರೆಗೆ ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಯಿತು. ನೆರೆಹೊರೆಯ ನಿವಾಸಿಗಳು ರಿಟ್ ಹಾಕಿದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ, ಮುದ್ದಪ್ಪ ಪ್ರಕರಣವೆಂದೇ ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಉದ್ಯಾನದ ಜಾಗ ಎಲ್ಲರದು, ಅದನ್ನು ಖಾಸಗಿಯವರಿಗೆ ದಾಟಿಸುವ ಅಧಿಕಾರ ಸರ್ಕಾರಕ್ಕಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ ಎಂಬುದು ತೀರ್ಪಿನ ತಿರುಳು. ವಲಯ ನಿಯಮದ ಮೂರನೆಯ ಉದ್ದೇಶ ಇಲ್ಲಿ ಸ್ಪಷ್ಟವಾಯಿತು. ಆರೋಗ್ಯ, ಆಸ್ತಿಯ ನೆಮ್ಮದಿ ಇವೆರಡರ ಸಾಲಿಗೆ ಯಾರ ಹೆಸರಿನಲ್ಲೂ ಇಲ್ಲದ ನೆಲದ ರಕ್ಷಣೆಯೂ ಸೇರಿತು.

ಕರಗಿದ ಹಸಿರು ಪಟ್ಟಿ

ಒಂದು ಉದ್ಯಾನ ಉಳಿಸಲು ಸಾಧ್ಯವಾದದ್ದು ಇಡೀ ಹಸಿರು ಪಟ್ಟಿಯ ವಿಚಾರದಲ್ಲಿ ಆಗಲಿಲ್ಲ. 1984ರ ಸಮಗ್ರ ಅಭಿವೃದ್ಧಿ ಯೋಜನೆ ಸುಮಾರು 1,279 ಚದರ ಕಿಲೋಮೀಟರಿನಲ್ಲಿ 440ರಷ್ಟನ್ನು ನಗರಕ್ಕೆ ಕೊಟ್ಟು, ಉಳಿದದ್ದನ್ನು ಹಸಿರು ಪಟ್ಟಿಯೆಂದು ಕರೆಯಿತು. 1995ರ ಪರಿಷ್ಕರಣೆಯಲ್ಲಿ ನಗರದ ಪಾಲು 565ಕ್ಕೆ ಏರಿತು. 2007ರ ಮಾಸ್ಟರ್ ಪ್ಲಾನಿನಲ್ಲಿ 1,306ರಲ್ಲಿ 814 ಆಯಿತು. ಇಪ್ಪತ್ತಮೂರು ವರ್ಷಗಳಲ್ಲಿ ಮೂರರಲ್ಲೊಂದು ಪಾಲು ಐದರಲ್ಲಿ ಮೂರು ಪಾಲಾಯಿತು.

ಇದು ನಡೆದ ಕ್ರಮ ಎಲ್ಲರಿಗೂ ಗೊತ್ತಿರುವಂಥದೇ. ಹೊಲವನ್ನು ಭೂಪರಿವರ್ತನೆ ಮಾಡಿಸದೆ ರೆವಿನ್ಯೂ ಸೈಟುಗಳಾಗಿ ಮಾರುತ್ತಾರೆ. ಮನೆ ಏಳುತ್ತದೆ, ಕರೆಂಟು ಬರುತ್ತದೆ, ವೋಟು ಬರುತ್ತದೆ. ಮುಂದಿನ ಯೋಜನೆ ಅದಕ್ಕೆ ಹಳದಿ ಬಳಿಯುತ್ತದೆ. ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ–ಸಕ್ರಮಕ್ಕೆ ಕಾಯ್ದೆಯಲ್ಲೇ ಕಲಮು ಸೇರಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಹಾಗೆಂದು ಸೈಟು ಕೊಂಡವರನ್ನಷ್ಟೇ ದೂರುವಂತಿಲ್ಲ. ಕೈಗೆಟಕುವ ಬೆಲೆಗೆ ಕಾನೂನುಬದ್ಧ ನಿವೇಶನ ಕೊಡಲಾಗದ ಯೋಜನೆ, ಅಕ್ರಮ ಬಡಾವಣೆಯ ಹುಟ್ಟಿಗೆ ತಾನೂ ಕಾರಣ.

ಸಮಾರೋಪ

ಬೆಂಗಳೂರಿನಲ್ಲಿ ವಲಯ ನಿಯಮ ರೋಗದ ಭಯದಲ್ಲಿ ಹುಟ್ಟಿ, ಆಸ್ತಿಯ ಬೆಲೆಯಲ್ಲಿ ಬೆಳೆದು, ಸಾರ್ವಜನಿಕ ನೆಲದ ವಿಷಯಕ್ಕೆ ಬಂದಾಗ ಸೊರಗಿದೆ. ಮೊದಲ ಎರಡಕ್ಕೆ ಕಾವಲುಗಾರರು ತಾವಾಗಿ ಸಿಕ್ಕರು: ಜೀವಕ್ಕೆ ಹೆದರಿದವರು, ಮನೆಯ ಒಡೆಯರು. ಮೂರನೆಯದಕ್ಕೆ ಅಂಥ ಒಡೆಯರಿಲ್ಲ. ನಿಯಮ ಪುಸ್ತಕ ದಪ್ಪವಾದಷ್ಟೂ ನಕ್ಷೆ ಊರನ್ನು ನಡೆಸುವುದು ಬಿಟ್ಟು, ಊರು ನಡೆದ ದಾರಿಯನ್ನು ಬರೆದಿಡುವ ಕಡತವಾಯಿತು. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ನಾಗರಿಕರಿಗೆ ಕಾಲಾವಕಾಶ ಕೊಟ್ಟಿದೆ. ರಾಜಮಹಲ್ ವಿಲಾಸದ ಆ ಹಂಚಿಕೆ ರದ್ದಾದದ್ದೂ ಅಕ್ಕಪಕ್ಕದ ಮನೆಯವರು ಕೇಳಿದ್ದರಿಂದ.