ಪದವಿ ವಿದ್ಯಾರ್ಥಿಗಳ ಪರಿಸರ ಅಧ್ಯಯನ

ಸುಪ್ರೀಂ ಕೋರ್ಟಿನ 1991ರ ತೀರ್ಪು, ಬಳಿಕ 2003ರ ಆದೇಶದ ಮೇರೆಗೆ ಪರಿಸರ ಅಧ್ಯಯನವು ಕಲೆ, ವಾಣಿಜ್ಯ, ವಿಜ್ಞಾನವೆನ್ನದೆ ಎಲ್ಲ ಪದವಿ ತರಗತಿಗಳಿಗೂ ಕಡ್ಡಾಯವಾಯಿತು. ಆಗ ಯುಜಿಸಿ ರೂಪಿಸಿದ ಪಠ್ಯಕ್ರಮದಲ್ಲಿ 100 ಅಂಕಗಳ ಪೈಕಿ 25 ಕ್ಷೇತ್ರಕಾರ್ಯಕ್ಕೆ ಮೀಸಲು. ಸ್ಥಳೀಯ ಹೊಳೆ, ಗುಡ್ಡ, ಕಾಡುಗಳ ದಾಖಲಾತಿ, ಮಲಿನಗೊಂಡ ಜಾಗಕ್ಕೆ ಭೇಟಿ, ಗಿಡ, ಕೀಟ, ಹಕ್ಕಿಗಳ ಅಧ್ಯಯನ ಇದರಲ್ಲಿ ಸೇರಿದ್ದವು.

ಪುಸ್ತಕ ನೋಡಿ ಬರೆದರೂ ಅಂಕ ಸಿಕ್ಕೀತು, ಊರಿಗೇನೂ ಸಿಗದು. ಕಾಸರಗೋಡಿನ ಮುರಕಲ್ಲು ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ನೀರಿನ ಸುರಂಗಗಳನ್ನೇ ತೆಗೆದುಕೊಳ್ಳಿ. ಯಾವುದು ಬೇಸಗೆಯಲ್ಲೂ ಹರಿಯುತ್ತದೆ, ಯಾವುದು ಬತ್ತಿತು, ಹತ್ತಿರದಲ್ಲಿ ಕೊಳವೆಬಾವಿ ಬಂದದ್ದು ಯಾವಾಗ? ಇದನ್ನು ತಿಂಗಳಿಗೊಮ್ಮೆ ನೋಡಿ ಬರೆದಿಟ್ಟರೆ ಅದೇ ಸಂಶೋಧನೆ. ದೊಡ್ಡ ಉಪಕರಣವೇನೂ ಬೇಡ. ಅಳತೆ ಗೊತ್ತಿರುವ ಒಂದು ಬಕೆಟ್, ಒಂದು ಗಡಿಯಾರ ಸಾಕು. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಎಂಬುದರಿಂದಲೇ ನೀರಿನ ಲೆಕ್ಕ ಸಿಗುತ್ತದೆ. ಹಳೆಯ ಸುರಂಗದ ಕಥೆಯನ್ನು ಮಾತ್ರ ಅದನ್ನು ತೋಡಿದವರ ಬಾಯಿಂದಲೇ ಕೇಳಬೇಕು.