ಲೋರ್ನಾ ಹಾಡಿದ ಹೋಟೆಲು

ಮುಂಬೈ ಚರ್ಚ್‌ಗೇಟ್ ಕಡೆ ಅಸ್ಟೋರಿಯಾ ಹೋಟೆಲಿನ್ಯಾಗ ‘ವೆನಿಸ್’ ಅಂತ ನೈಟ್‌ಕ್ಲಬ್ ಇತ್ತು. 1960ರ ದಶಕದಾಗ ಅಲ್ಲಿ ರಾತ್ರಿ ಆತಂದ್ರ ಗೋವಾದ ಕ್ರಿಸ್ ಪೆರಿ ಟ್ರಂಪೆಟ್ ಊದಾಂವ, ಲೋರ್ನಾ ಹಾಡಾಕಿ. ಕುಡಿಯೋರ ನಡುವ ಜಾಝ್ ಹಾಡಿದಾಕಿಗೆ ಮನಿಮನಿಯೊಳಗ ಹೆಸರು ತಂದದ್ದು ಪೆರಿ ಕಟ್ಟಿದ ಕೊಂಕಣಿ ಹಾಡು. ಅದರಾಗ ಒಂದು ‘ಬೆಬ್ದೊ’. ಅಂದ್ರ ಕುಡುಕ! ಬಾರಿನ್ಯಾಗ ಹಾಡಾಕಿಗೆ ಕುಡುಕರನ್ನ ಹುಡುಕ್ಕೊಂಡು ಹೋಗೂದು ಎಲ್ಲಿತ್ರಿ.

1970ರ ದಶಕದಾಗ ಜೋಡಿ ಮುರೀತು. ಹಾಡು ಅಂವಂದು ಖರೆ, ಆದ್ರ ದನಿ ಆಕೀದ ಅಲ್ಲೇನ್ರಿ? ಮುಂದ 20 ವರ್ಷದ ಮ್ಯಾಲೆ ಲೋರ್ನಾ ವೇದಿಕಿ ಹತ್ತಲಿಲ್ಲ. ನಮಗ ಎರಡು ದಿನ ಗುನುಗಲಿಲ್ಲಂದ್ರ ಗಂಟಲಾ ಕಟ್ಟತದ.

1995ರಾಗ ರಾನಿ ಮೊನ್ಸೆರಾಟ್ ಅನ್ನೋ ಸಂಗೀತಗಾರ ಒಪ್ಪಿಸಿ ಕರಕೊಂಡು ಬಂದ. ‘ಹಲೋ ಲೋರ್ನಾ’ ಅನ್ನೋ ಆಲ್ಬಮ್ ಬಂತು. ಪೆರಿ 2002ರಾಗ ತೀರಿಕೊಂಡ. ಆಮ್ಯಾಲೂ ಲೋರ್ನಾ ಹಾಡತನ ಇದ್ಲು.