ಸಿಗರೇಟಿನ ಡಬ್ಬಿಯ ತುಂಬ ಅಕ್ಕಿ

ಬಂಗಾಳದಲ್ಲಿ ಕ್ಷಾಮ ಬಿದ್ದ 1943ರಲ್ಲಿ, ಮುಂದೆ ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನ್ ಒಂಬತ್ತು ವರ್ಷದ ಹುಡುಗ. ಶಾಂತಿನಿಕೇತನದಲ್ಲಿ ತಾಯಿಯ ತಂದೆ ಕ್ಷಿತಿಮೋಹನ ಸೇನರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಹಳ್ಳಿಗಳನ್ನು ಬಿಟ್ಟು ಕಲ್ಕತ್ತೆಯತ್ತ ಹೊರಟ ಹಸಿದ ಜನ ಬಾಗಿಲಿಗೆ ಬಂದು ಬೇಡುತ್ತಿದ್ದರು. ಅಜ್ಜ ಮೊಮ್ಮಗನಿಗೆ ಸಿಗರೇಟಿನ ಖಾಲಿ ಡಬ್ಬಿಯೊಂದನ್ನು ತೋರಿಸಿ, ಒಂದು ಕುಟುಂಬಕ್ಕೆ ಒಂದು ಡಬ್ಬಿ ಅಕ್ಕಿ ಕೊಡಬಹುದೆಂದು ಹೇಳಿದ್ದರು. ಬಂದವರೆಲ್ಲರಿಗೂ ಒಂದಿಷ್ಟಾದರೂ ಸಿಗಬೇಕಿತ್ತು.

ಹುಡುಗನ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿತ್ತು. ಶಾಲೆಯ ಗೆಳೆಯರ ಮನೆಗಳಲ್ಲಾಗಲಿ, ನೆಂಟರಿಷ್ಟರಲ್ಲಾಗಲಿ ಯಾರೂ ಉಪವಾಸ ಬಿದ್ದಿರಲಿಲ್ಲ.

ಕನ್ನಡದಲ್ಲಿ ಮಳೆ ಬಾರದಿದ್ದರೂ ಬರ, ಅನ್ನ ಸಿಗದಿದ್ದರೂ ಬರ. ಹಾಗಾಗಿ ಬರವೆಂದ ಕೂಡಲೇ ನಾವು ಆಕಾಶ ನೋಡುತ್ತೇವೆ. ಸೇನ್ ನೋಡಿದ್ದು ಅಂಗಡಿಯ ದರವನ್ನು, ಕೂಲಿಯವನ ಕೈಗೆ ಬರುವ ಕಾಸನ್ನು. 1981ರಲ್ಲಿ ಹೊರಬಂದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ ಅವರು ಬಂಗಾಳದ ಲೆಕ್ಕ ತೆಗೆದರು. 1943ರಲ್ಲಿ ಅಲ್ಲಿದ್ದ ಧಾನ್ಯ ಅದಕ್ಕೂ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಕಡಿಮೆಯಾಗಿದ್ದುದು ಶೇ 5ರಷ್ಟು ಮಾತ್ರ. ಕ್ಷಾಮವಿಲ್ಲದ 1941ಕ್ಕಿಂತ ಅದು ಶೇ 13ರಷ್ಟು ಹೆಚ್ಚೇ ಇತ್ತು.

ಏರಿದ್ದು ಬೆಲೆ. 1942ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಣಕ್ಕೆ 13–14 ರೂಪಾಯಿ ಇದ್ದ ಅಕ್ಕಿ ಮರುವರ್ಷದ ಆಗಸ್ಟಿಗೆ 37 ರೂಪಾಯಿ ಮುಟ್ಟಿತು. ಎರಡನೇ ಮಹಾಯುದ್ಧಕ್ಕಾಗಿ ಬ್ರಿಟಿಷ್ ಸರ್ಕಾರ ಹಣ ಸುರಿಯುತ್ತಿತ್ತು, ವರ್ತಕರು ಮೂಟೆಗಳನ್ನು ಅಡಗಿಸಿಡುತ್ತಿದ್ದರು. ಕಲ್ಕತ್ತೆಯ ಕಾರ್ಖಾನೆ, ಕಚೇರಿಗಳ ನೌಕರರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಗದ್ದೆಯಲ್ಲಿ ದುಡಿಯುವವರ ಕೂಲಿ ಬೆಲೆಯ ಜತೆ ಏರಲಿಲ್ಲ. ಜಪಾನೀಯರ ಕೈಗೆ ಸಿಗಬಾರದೆಂದು ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿದ್ದರಿಂದ ಬೆಸ್ತರ ಬಲೆ ಒಣಗಿತು. ಹಸಿದ ಊರಿನಲ್ಲಿ ಕ್ಷೌರ ಮಾಡಿಸಿಕೊಳ್ಳುವವರು ಯಾರು? ಕ್ಷೌರಿಕನೂ ಹಸಿದ. ಕೂಲಿಯಿಂದಲೋ ಕಸುಬಿನಿಂದಲೋ ಅನ್ನವನ್ನು ತನ್ನದಾಗಿಸಿಕೊಳ್ಳುವ ಈ ಹಿಡಿತಕ್ಕೆ ಸೇನ್ ‘ಎನ್‌ಟೈಟಲ್‌ಮೆಂಟ್’ ಎಂದರು. ಅದು ಕೈತಪ್ಪಿದವನಿಗೆ ತುಂಬಿದ ಕಣಜವೂ ಬರಿದೇ.

1974ರ ಬಾಂಗ್ಲಾದೇಶದಲ್ಲೂ ಅವರಿಗೆ ಕಂಡದ್ದು ಇದೇ. ಅಲ್ಲಿ ತಲೆಗೆ ಸಿಗುವ ಧಾನ್ಯ ಅಕ್ಕಪಕ್ಕದ ವರ್ಷಗಳಿಗಿಂತ ಹೆಚ್ಚಿದ್ದ ವರ್ಷವೇ ಜನ ಸತ್ತಿದ್ದರು.

ಪ್ರಶ್ನೆ ಕೇಳುವ ಪತ್ರಿಕೆಗಳೂ ಚುನಾವಣೆಯೂ ಇರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಆಗಿಲ್ಲವೆಂಬ ಸೇನ್‌ರ ಮಾತಿನ ಹಿಂದೆಯೂ 1943 ಇದೆ. ಆಗ ಸರ್ಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ; ಘೋಷಿಸಿದ್ದರೆ ಕ್ಷಾಮ ಸಂಹಿತೆಯಂತೆ ಪರಿಹಾರ ಕೊಡುವುದು ಕಡ್ಡಾಯವಾಗುತ್ತಿತ್ತು. ಆಗಸ್ಟಿನಲ್ಲಿ ‘ದಿ ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಅಚ್ಚು ಹಾಕಿದ ಮೇಲೆಯೇ ಮೌನ ಮುರಿದದ್ದು.

ವರ್ಷದ ಕೊನೆಗೆ ಒಳ್ಳೆಯ ಬೆಳೆ ಬಂತು. ಆದರೆ ಹಸಿದು ಸೊರಗಿದ ಮೈಗಳನ್ನು ಮಲೇರಿಯಾ, ಕಾಲರಾ, ಸಿಡುಬು ಬಿಡಲಿಲ್ಲ. ಸರ್ಕಾರಿ ಆಯೋಗ ಸತ್ತವರು 15 ಲಕ್ಷವೆಂದು ಲೆಕ್ಕ ಕೊಟ್ಟಿತ್ತು. ಕ್ಷಾಮ ಮುಗಿಯಿತೆಂದ ಮೇಲೂ ಸತ್ತವರನ್ನು ಸೇನ್ ಎಣಿಸುತ್ತ ಹೋದರು. ಅವರ ಲೆಕ್ಕ 30 ಲಕ್ಷದ ಹತ್ತಿರ ಬಂದು ನಿಂತಿತು.